ಹಿಕೋನೆ ಕೋಟೆ: ಮೂವತ್ತು ವರ್ಷದ ಕ್ಯೂ, ಅದರ ಹಿಂದಿರೋ ನಾನೂರು ವರ್ಷದ ಗೋಜಲು

ಜಪಾನಿನ ಬಿವಾ ಸರೋವರದ ಪೂರ್ವ ದಡದಲ್ಲಿ ಹಿಕೋನೆ ಅಂತ ಒಂದು ಊರು, ಊರ ನಡುವಿನ ಸಣ್ಣ ಗುಡ್ಡದ ಮೇಲೆ ಬಿಳಿ ಗೋಡೆಯ ಕೋಟೆ. 1992ರಲ್ಲಿ ಜಪಾನ್ ಮೊದಲ ಸಲ ಯುನೆಸ್ಕೋಗೆ "ಮುಂದೆ ಇವನ್ನೆಲ್ಲ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಬೇಕು ಅಂತಿದೀವಿ" ಅಂತ ತಾತ್ಕಾಲಿಕ ಪಟ್ಟಿ ಕೊಟ್ಟಾಗಲೇ ಇದರ ಹೆಸರು ಅದರಲ್ಲಿತ್ತು. ಅದೇ ಪಟ್ಟಿಯಲ್ಲಿದ್ದ ಹಿಮೆಜಿ ಕೋಟೆಗೆ ಮರುವರ್ಷವೇ, ಅಂದ್ರೆ 1993ರಲ್ಲೇ ಪಟ್ಟ ಸಿಕ್ತು. ಆಮೇಲೆ ಕ್ಯೋಟೋ, ನಾರಾ, ನಿಕ್ಕೋ ಎಲ್ಲಾ ಒಂದೊಂದಾಗಿ ಒಳಗೆ ಹೋದ್ವು, 2000ದ ಹೊತ್ತಿಗೆ ಆ ಹಳೇ ಪಟ್ಟಿಯಲ್ಲಿ ಬಾಕಿ ಉಳಿದಿದ್ದು ಕಾಮಾಕುರಾ ಮತ್ತು ಹಿಕೋನೆ ಎರಡೇ. ಹಿಕೋನೆ ಇವತ್ತಿಗೂ ಬಾಗಿಲ ಹೊರಗೇ ನಿಂತಿದೆ. ಸುದ್ದಿಯಲ್ಲಿ ಆಗಾಗ "ಈ ಸಲ ಸಿಗಬಹುದು", "ಮತ್ತೆ ಮುಂದಕ್ಕೆ ಹೋಯ್ತು", "ಒಂದೇ ಕೋಟೆ ಸಾಲದಂತೆ", "ಬೇರೆ ಕೋಟೆಗಳನ್ನೂ ಸೇರಿಸಿ ಅಂತಾರಂತೆ" ಅಂತ ತುಂಡು ತುಂಡಾಗಿ ಬರುತ್ತೆ, ಓದಿದೋರಿಗೆ ತಲೆಬುಡ ಗೊತ್ತಾಗಲ್ಲ. ಅಷ್ಟು ಚೆನ್ನಾಗಿರೋ ಕೋಟೆ, ಅಸಲಿ ಮರದ ಗೋಪುರ, ರಾಷ್ಟ್ರೀಯ ನಿಧಿ ಅನ್ನೋ ಮಾನ್ಯತೆ ಬೇರೆ ಇದೆ, ಮತ್ತೆ ಯಾಕೆ ಇಷ್ಟು ಒದ್ದಾಟ? ಇದಕ್ಕೆ ಉತ್ತರ ಬೇಕು ಅಂದ್ರೆ ಕೋಟೆ ಕಟ್ಟಿದ ಕಾಲಕ್ಕೇ ಹೋಗಬೇಕು, ಯಾಕಂದ್ರೆ ಈಗ ನಡೀತಿರೋ ಜಗಳ "ಈ ಕೋಟೆ ಅಸಲಿಗೆ ಏನು" ಅನ್ನೋದರ ಮೇಲೇ ನಿಂತಿದೆ.

ಬಿವಾ ಅಂದ್ರೆ ಜಪಾನಿನ ಅತಿ ದೊಡ್ಡ ಸರೋವರ, ಸುಮಾರು 670 ಚದರ ಕಿಲೋಮೀಟರ್. ಆಗಿನ ರಾಜಧಾನಿ ಕ್ಯೋಟೋಗೆ ಒಂದು ಗುಡ್ಡಸಾಲಿನ ಆಚೆ. ಉತ್ತರದಿಂದ, ಪೂರ್ವದಿಂದ ರಾಜಧಾನಿಗೆ ಹೋಗೋ ಅಕ್ಕಿ, ಮರ, ಸೈನ್ಯ ಎಲ್ಲಾ ಈ ನೀರಿನ ಮೇಲೋ ಇಲ್ಲ ಇದರ ದಡದ ಮೇಲೋ ಸಾಗಬೇಕಿತ್ತು. ಹಾಗಾಗಿ ಸರೋವರ ಯಾರ ಕೈಲಿದೆಯೋ ಕ್ಯೋಟೋ ಅವರ ಕೈಲಿ ಅನ್ನೋ ಲೆಕ್ಕ. ಈ ಲೆಕ್ಕಾನ ಸರಿಯಾಗಿ ಹಿಡಿದೋನು ಓಡಾ ನೊಬುನಾಗಾ, ಚೂರು ಚೂರಾಗಿದ್ದ ಜಪಾನನ್ನ ಒಂದು ಮಾಡೋಕೆ ಹೊರಟ ದೊರೆ. 1571ರಲ್ಲಿ ತನ್ನ ಸೇನಾಪತಿ ಅಕೆಚಿ ಮಿತ್ಸುಹಿದೆ ಕೈಲಿ ಸಾಕಾಮೋಟೋ ಕೋಟೆ ಶುರು ಮಾಡಿಸ್ದ, ಆಮೇಲೆ ಇನ್ನೊಬ್ಬ ಸೇನಾಪತಿ ಹಿದೆಯೋಶಿ ಉತ್ತರದಲ್ಲಿ ನಾಗಾಹಾಮಾ ಕಟ್ಟಿದ, ಪಶ್ಚಿಮ ದಡದಲ್ಲಿ ಓಮಿಜೋ ಎದ್ದಿತು, 1576ರಿಂದ ನೊಬುನಾಗಾ ತಾನೇ ಅಜುಚಿಯಲ್ಲಿ ಕೂತ. ನಾಲ್ಕು ಕೋಟೆ, ನಾಲ್ಕೂ ನೀರಿಗೆ ತಾಗಿಕೊಂಡೇ, ಒಂದರಿಂದ ಇನ್ನೊಂದಕ್ಕೆ ದೋಣಿಯಲ್ಲಿ ಸಲೀಸಾಗಿ ಹೋಗಬಹುದು. 1582ರಲ್ಲಿ ನೊಬುನಾಗಾ ಸತ್ತ, ಅಜುಚಿ ಸುಟ್ಟುಹೋಯ್ತು, ಅವನ ಜಾಗಕ್ಕೆ ಬಂದ ಹಿದೆಯೋಶಿ ಕಾಲದಲ್ಲಿ ಸಾಕಾಮೋಟೋ ಬಿಚ್ಚಿ ದಕ್ಷಿಣದ ತುದಿಯಲ್ಲಿ ಓತ್ಸು ಕೋಟೆ ಕಟ್ಟಿದ್ರು. ಹಿಕೋನೆ ಈ ಸಾಲಿನಲ್ಲಿ ಕೊನೆಯದಾಗಿ ಬಂದ ಕೋಟೆ. ಈ ಒಂದು ಸಂಗತಿ ಮನಸ್ಸಲ್ಲಿಟ್ಕೊಂಡು ಮುಂದೆ ಓದಿ, ಯಾಕಂದ್ರೆ ಈಗಿನ ಚರ್ಚೆಯಲ್ಲಿ ಇದು ಬಹಳ ಸಲ ಮಾಯ ಆಗುತ್ತೆ.

1600ರ ಸೆಕಿಗಾಹರಾ ಯುದ್ಧ ಎಲ್ಲರಿಗೂ ಗೊತ್ತು, ತೋಕುಗಾವಾ ಇಯೆಯಾಸು ಗೆದ್ದು ಜಪಾನ್ ತನ್ನದು ಮಾಡ್ಕೊಂಡ. ಆದ್ರೆ ಹಿಕೋನೆ ಕಥೆಗೆ ಅದಕ್ಕಿಂತ ಮುಖ್ಯವಾದದ್ದು ಅದೇ ದಿನಗಳಲ್ಲಿ ಓತ್ಸುನಲ್ಲಿ ನಡೆದ ಮುತ್ತಿಗೆ. ಇಯೆಯಾಸು ಕಡೆಯ ಕ್ಯೋಗೋಕು ತಾಕಾತ್ಸುಗು ಅನ್ನೋ ದೊರೆ ಮೂರು ಸಾವಿರದಷ್ಟು ಜನರನ್ನ ಇಟ್ಕೊಂಡು ಓತ್ಸು ಕೋಟೆಯೊಳಗೆ ಕೂತುಬಿಟ್ಟ, ಹೊರಗೆ ಅದರ ಹಲವು ಪಟ್ಟು ಸೈನ್ಯ, ಫಿರಂಗಿ ಬೇರೆ. ಅವನು ಕೊನೆಗೆ ಕೋಟೆ ಬಿಟ್ಟುಕೊಟ್ಟಿದ್ದು ಸೆಕಿಗಾಹರಾ ಯುದ್ಧ ನಡೆದ ದಿನವೇ. ಅಂದ್ರೆ ಮುತ್ತಿಗೆ ಹಾಕಿದ್ದ ಆ ದೊಡ್ಡ ದಂಡು ಯುದ್ಧಕ್ಕೆ ಹೋಗೋಕೇ ಆಗ್ಲಿಲ್ಲ, ಸೋತ ಓತ್ಸುವೇ ಇಯೆಯಾಸು ಗೆಲ್ಲೋಕೆ ಕಾರಣ ಆಯ್ತು ಅಂತ ಹೇಳೋರೂ ಇದಾರೆ. ಆ ಕೋಟೆಯ ಗೋಪುರ ಏಟು ತಿಂದ್ರೂ ಬೀಳದೆ ನಿಂತಿತ್ತು. ಶುಭದ ಗೋಪುರ ಅಂತ ಹೆಸರಾಯ್ತು.

ಯುದ್ಧ ಮುಗಿದ ಮೇಲೆ ಸೋತ ಇಶಿದಾ ಮಿತ್ಸುನಾರಿಯ ಸಾವಾಯಾಮಾ ಕೋಟೆ ಮತ್ತು ಸುತ್ತಲ ಸೀಮೆಯನ್ನ ಇಯೆಯಾಸು ತನ್ನ ನಂಬಿಕಸ್ಥ ಸೇನಾಪತಿ ಇಯಿ ನವೋಮಾಸನಿಗೆ ಕೊಟ್ಟ. ಈ ಇಯಿ ಮನೆತನದ ಸೈನಿಕರು ತಲೆಯಿಂದ ಕಾಲಿನ ತನಕ ಕೆಂಪು ಕವಚ ಹಾಕ್ತಿದ್ರು, ಅದೇ ಅವರ ಗುರುತು. ನವೋಮಾಸ ಸಾವಾಯಾಮಾದಲ್ಲಿ ಇರೋಕೆ ಇಷ್ಟಪಡ್ಲಿಲ್ಲ, ಬೇರೆ ಜಾಗ ಹುಡುಕ್ತಿದ್ದ, ಅಷ್ಟರಲ್ಲೇ ಯುದ್ಧದಲ್ಲಿ ಬಿದ್ದ ಗುಂಡೇಟಿನ ಗಾಯ ವಾಸಿಯಾಗದೆ 1602ರಲ್ಲಿ ತೀರಿಕೊಂಡ. ಮಗ ಇನ್ನೂ ಚಿಕ್ಕೋನು. ಆಗ ಮನೆತನದ ಹಿರಿಯ ಮುಖ್ಯಸ್ಥ ಕಿಮಾತಾ ಮೋರಿಕಾತ್ಸು ಇಯೆಯಾಸು ಹತ್ತಿರ ಹೋಗಿ, ಚರ್ಚೆ ಮಾಡಿ, ಹಿಕೋನೆ ಗುಡ್ಡ ಫೈನಲ್ ಮಾಡಿಸ್ಕೊಂಡು ಬಂದ. ಸುತ್ತಲ ಬಯಲಿಗಿಂತ ಬರೀ ಐವತ್ತು ಮೀಟರ್ ಎತ್ತರದ ಗುಡ್ಡ, ಆದ್ರೆ ಪಕ್ಕದಲ್ಲೇ ನೀರು, ಪೂರ್ವದಲ್ಲಿ ಎಡೋದಿಂದ (ಈಗಿನ ಟೋಕಿಯೋ) ಕ್ಯೋಟೋಗೆ ಬರೋ ಹೆದ್ದಾರಿ, ಉತ್ತರದ ಸೀಮೆಯ ದಾರಿ ಬಂದು ಕೂಡೋದೂ ಹತ್ತಿರದಲ್ಲೇ. ಓಸಾಕಾದಲ್ಲಿ ಹಿದೆಯೋಶಿ ಮಗ ಇನ್ನೂ ಬದುಕಿದ್ದ, ಪಶ್ಚಿಮದ ದೊರೆಗಳು ಯಾವಾಗ ತಿರುಗಿ ಬೀಳ್ತಾರೋ ಗೊತ್ತಿಲ್ಲ. ಕಾವಲಿಗೆ ಇದಕ್ಕಿಂತ ಒಳ್ಳೆ ಜಾಗ ಸಿಗ್ತಿರ್ಲಿಲ್ಲ.

1603ರ ಸುಮಾರಿಗೆ ಕೆಲಸ ಶುರು ಆಯ್ತು. ಇದು ಇಯಿ ಮನೆತನದ ಸ್ವಂತ ಕೆಲಸ ಆಗಿರ್ಲಿಲ್ಲ, ಸುತ್ತಲಿನ ಹನ್ನೆರಡು ದೊರೆಗಳಿಗೆ "ಆಳು ಕಳ್ಸಿ" ಅಂತ ಅಪ್ಪಣೆ ಹೋಯ್ತು, ಯಾರೂ ಇಲ್ಲ ಅನ್ನೋ ಹಾಗಿಲ್ಲ. ಅರ್ಜೆಂಟ್ ಕೆಲಸ, ಹೊಸದಾಗಿ ಮರ ಕಡಿದು ಒಣಗಿಸಿ ಕಲ್ಲು ಸೀಳಿ ತರೋಕೆ ಟೈಮ್ ಇಲ್ಲ. ಹಾಗಾಗಿ ಅವರು ಮಾಡಿದ್ದೇನಂದ್ರೆ ಹಳೇ ಮನೆ ಕೆಡವಿದಾಗ ಬಾಗಿಲು ಕಿಟಕಿ ತೊಲೆ ಎಲ್ಲಾ ತಂದು ಹೊಸ ಮನೆಗೆ ಕೂರಿಸ್ತಾರಲ್ಲ, ಹಾಗೆ. ಸಾವಾಯಾಮಾ ಕೋಟೆ ಕೆಡವಿ ಕಲ್ಲು ತಂದ್ರು, ಅಜುಚಿಯ ಪಾಳಿನಿಂದ ತಂದ್ರು, ನಾಗಾಹಾಮಾದಿಂದ ತಂದ್ರು, ಓತ್ಸುನ ಆ ಶುಭದ ಗೋಪುರವನ್ನ ಬಿಚ್ಚಿ ಮರ ಸಾಗಿಸಿದ್ರು. ಸಾವಾಯಾಮಾ ಬಿಟ್ರೆ ಉಳಿದವೆಲ್ಲ ದಡದ ಊರುಗಳೇ ಅನ್ನೋದನ್ನ ಗಮನಿಸಿ. ನೊಬುನಾಗಾ ಶುರು ಮಾಡಿದ್ದ ಆ ಸರೋವರದ ಕೋಟೆಗಳ ಸಾಲು ಒಂದೊಂದಾಗಿ ಬಿಚ್ಚಿ ಬಂದು ಹಿಕೋನೆಯಲ್ಲಿ ಸೇರಿಕೊಳ್ತು.

ಗೋಪುರ ಓತ್ಸುದೇ ಅನ್ನೋದು ಇಯಿ ಮನೆತನದ ದಾಖಲೆಗಳಲ್ಲಿ ಇತ್ತು, ಆದ್ರೆ ಅದು ಬರೀ ಬಾಯಿಮಾತೇನೋ ಅಂತ ಅನುಮಾನ ಇದ್ದೇ ಇತ್ತು. 1957ರಿಂದ 1960ರ ತನಕ ಇಡೀ ಗೋಪುರವನ್ನ ಒಂದೊಂದು ತುಂಡಾಗಿ ಬಿಚ್ಚಿ ರಿಪೇರಿ ಮಾಡಿದಾಗ ಮರದ ಮೇಲೆ ಹಳೇ ಗುರುತುಗಳು, ಈಗಿನ ಜೋಡಣೆಗೆ ಸಂಬಂಧವೇ ಇಲ್ಲದ ತೂತುಗಳು, ಕಚ್ಚುಗಳು ಸಿಕ್ಕಿದ್ವು. ಲೆಕ್ಕ ಹಾಕಿ ನೋಡಿದ್ರೆ ಇದು ಮೊದಲು ಇದಕ್ಕಿಂತ ದೊಡ್ಡ ಗೋಪುರ ಆಗಿತ್ತು, ಅದನ್ನ ಕತ್ತರಿಸಿ ಚಿಕ್ಕದು ಮಾಡಿ ಮೂರು ಚಾವಣಿ ಮೂರು ಮಾಳಿಗೆಗೆ ಇಳಿಸಿದಾರೆ ಅಂತ ಗೊತ್ತಾಯ್ತು. 1606ರ ತಾರೀಕು ಬರೆದ ಮರದ ತುಂಡುಗಳೂ ಸಿಕ್ಕಿದ್ವು. 1607ಕ್ಕೆ ಗೋಪುರ ಮುಗಿದಿದೆ. 1614-15ರಲ್ಲಿ ಓಸಾಕಾ ಯುದ್ಧಕ್ಕೋಸ್ಕರ ಕೋಟೆ ಕೆಲಸ ನಿಂತುಹೋಯ್ತು, ಅದರಲ್ಲಿ ಹಿದೆಯೋಶಿ ವಂಶವೇ ಅಳಿಸಿಹೋಯ್ತು, ಅಂದ್ರೆ ಯಾವ ಭಯಕ್ಕೆ ಕೋಟೆ ಶುರು ಮಾಡಿದ್ರೋ ಆ ಭಯವೇ ಇಲ್ಲ. ಆದ್ರೂ 1616ರಲ್ಲಿ ಕೆಲಸ ಮತ್ತೆ ಶುರು. ಈ ಸಲ ಹೊರಗಿನ ದೊರೆಗಳ ಆಳು ಇಲ್ಲ, ಇಯಿ ಮನೆತನದ್ದೇ ಖರ್ಚು, ನವೋಮಾಸನ ಆ ಚಿಕ್ಕ ಮಗನ ಜಾಗಕ್ಕೆ ಅವನ ತಮ್ಮ ನವೋತಾಕ ಬಂದಿದ್ದ. ಅರಮನೆ, ಕಂದಕ, ಪೇಟೆ ಎಲ್ಲಾ ಮುಗಿಯೋಷ್ಟರಲ್ಲಿ 1622. ಮೊದಲರ್ಧ ಯುದ್ಧದ ಕೋಟೆ, ಎರಡನೇ ಅರ್ಧ ಆಡಳಿತದ ಕೋಟೆ. ಈ ವ್ಯತ್ಯಾಸ ಮುಂದೆ ಯುನೆಸ್ಕೋ ಕಥೆಯಲ್ಲಿ ಬರುತ್ತೆ.

ಯುದ್ಧದ ಕೋಟೆ ಹೇಗಿತ್ತು ಅಂತ ಗುಡ್ಡ ಹತ್ತಿದ್ರೆ ಗೊತ್ತಾಗುತ್ತೆ. ಮೆಟ್ಟಿಲುಗಳು ಬೇಕಂತಲೇ ಒಂದೊಂದು ಒಂದೊಂದು ಅಳತೆ, ಓಡಿ ಹತ್ತೋಕೆ ಆಗಲ್ಲ. ಮುಂಬಾಗಿಲ ದಾರಿ, ಅರಮನೆ ಕಡೆಯ ದಾರಿ ಎರಡೂ ಮೇಲೆ ಬಂದು ಒಂದು ಆಳವಾದ ಕೊರಕಲಲ್ಲಿ ಸೇರುತ್ವೆ, ಗುಡ್ಡದ ಬೆನ್ನನ್ನೇ ಅಡ್ಡಕ್ಕೆ ಸೀಳಿ ಮಾಡಿದ ಕೊರಕಲು ಅದು. ತಲೆ ಮೇಲೆ ಮರದ ಸೇತುವೆ. ಶತ್ರು ಬಂದ್ರೆ ಸೇತುವೆ ಬೀಳಿಸಿಬಿಟ್ರೆ ಆಯ್ತು, ಕೆಳಗಿರೋರು ಹಳ್ಳದಲ್ಲಿ ಸಿಕ್ಕಿಹಾಕೊಂಡ ಹಾಗೆ, ಮೇಲಿಂದ ಬಾಣ ಗುಂಡು. ಸೇತುವೆ ಆಚೆ ತುದಿಯಲ್ಲಿ ತೆನ್‌ಬಿನ್ ಯಾಗುರಾ ಅನ್ನೋ ಉದ್ದನೆ ಕಾವಲು ಕಟ್ಟಡ, ಎರಡೂ ತುದಿಗೆ ಎರಡು ಮಹಡಿಯ ಗೋಪುರ, ದೂರದಿಂದ ನೋಡಿದ್ರೆ ತಕ್ಕಡಿ ಥರ ಕಾಣುತ್ತೆ ಅಂತ ಆ ಹೆಸರು. ಹತ್ತಿರ ಹೋಗಿ ನೋಡಿದ್ರೆ ಎಡ ಬಲ ಒಂದೇ ಥರ ಇಲ್ಲ. ಕೆಳಗಿನ ಕಲ್ಲು ಗೋಡೆ ಬಲಗಡೆ ಶುರುವಿನ ಕಾಲದ್ದು, ಒರಟು ಕಲ್ಲುಗಳು, ಉದ್ದನೆ ಭಾಗ ಒಳಕ್ಕೆ ಹೋಗೋ ಹಾಗೆ ಜೋಡಿಸಿದ್ದು, ಹೊರಗೆ ನೋಡೋಕೆ ಚೆಂದ ಇಲ್ಲ ಆದ್ರೆ ಅಲ್ಲಾಡಲ್ಲ. ಎಡಗಡೆದು 1854ರಲ್ಲಿ ಮತ್ತೆ ಕಟ್ಟಿದ್ದು, ಕಲ್ಲನ್ನ ನೀಟಾಗಿ ಕೆತ್ತಿ ಓರೆಯಾಗಿ ಕೂರಿಸಿದಾರೆ. ಒಂದೇ ಗೋಡೆ, ನಡುವೆ ಇನ್ನೂರೈವತ್ತು ವರ್ಷ. ಟೂರಿಸ್ಟ್‌ಗಳು ಫೋಟೋ ತಗೊಂಡು ಮುಂದೆ ಹೋಗ್ತಾರೆ, ನನಗೇನೋ ಇಡೀ ಕೋಟೆಯಲ್ಲಿ ಅರ್ಧ ಗಂಟೆ ನಿಲ್ಲಬೇಕಾದ ಜಾಗ ಇದೇ ಅನ್ಸುತ್ತೆ.

ಇನ್ನೊಂದು ವಿಶೇಷ ಗುಡ್ಡದ ಇಳಿಜಾರಿನಲ್ಲಿ ಮೇಲಿಂದ ಕೆಳಕ್ಕೆ ನೇರವಾಗಿ ಇಳಿಯೋ ಕಲ್ಲಿನ ಗೋಡೆಗಳು, ಐದು ಕಡೆ ಇವೆ. ಸಾಮಾನ್ಯವಾಗಿ ಕೋಟೆ ಗೋಡೆ ಗುಡ್ಡವನ್ನ ಸುತ್ತುತ್ತೆ, ಇದು ಗುಡ್ಡವನ್ನ ಹತ್ತುತ್ತೆ. ಶತ್ರು ಇಳಿಜಾರಿನಲ್ಲಿ ಅಡ್ಡಡ್ಡ ಓಡಾಡದ ಹಾಗೆ ತಡೆಯೋ ಉಪಾಯ. 1592-98ರಲ್ಲಿ ಜಪಾನಿನವರು ಕೊರಿಯಾ ಮೇಲೆ ದಂಡೆತ್ತಿ ಹೋದಾಗ ಅಲ್ಲಿ ಕಟ್ಟಿದ ಕೋಟೆಗಳಲ್ಲಿ ಇಂಥವು ಜಾಸ್ತಿ, ಜಪಾನಿನೊಳಗೆ ಅಪರೂಪ. ಅಂದ್ರೆ ಪರದೇಶದ ಯುದ್ಧದಲ್ಲಿ ಕಲಿತ ವಿದ್ಯೆ ಹಿಕೋನೆಯ ಗುಡ್ಡಕ್ಕೆ ಬಂದಿದೆ.

ಗೋಪುರ ಚಿಕ್ಕದೇ. ಕಲ್ಲಿನ ಪೀಠ ಸೇರಿ ಇಪ್ಪತ್ತೊಂದು ಮೀಟರ್ ಸುಮಾರು, ಹಿಮೆಜಿ ಮುಂದೆ ನಿಲ್ಲಿಸಿದ್ರೆ ಮಗು. ಆದ್ರೆ ಇಷ್ಟು ಸಣ್ಣ ಮೈ ಮೇಲೆ ಹದಿನೆಂಟು ಮುಖ, ಚಾವಣಿಯಿಂದ ಚಾಚಿಕೊಂಡ ತ್ರಿಕೋನದವು, ಬಿಲ್ಲಿನ ಹಾಗೆ ಬಾಗಿದವು, ಒಂದರ ಮೇಲೊಂದು. ಮೇಲಿನ ಎರಡು ಮಾಳಿಗೆಯಲ್ಲಿ ಬೌದ್ಧ ದೇವಾಲಯದ ಥರದ ಗಂಟೆಯಾಕಾರದ ಕಿಟಕಿ. ಸುತ್ತ ಕಟಾಂಜನ ಇರೋ ಜಗಲಿ ಇದೆ, ಅಲಂಕಾರಕ್ಕೆ, ಓಡಾಡೋಕಲ್ಲ. ಹೊರಗೆ ನೋಡಿದ್ರೆ ಮದುವೆ ಮನೆ, ಒಳಗೆ ಹೋದ್ರೆ ಲೆಕ್ಕಾಚಾರವೇ ಬೇರೆ: ಸೊಟ್ಟಪಟ್ಟ ಮರದ ದಿಮ್ಮಿಗಳನ್ನ ಹಾಗೇ ತೊಲೆ ಮಾಡಿದಾರೆ, ಮೆಟ್ಟಿಲು 62 ಡಿಗ್ರಿ ಅಂದ್ರೆ ಹೆಚ್ಚುಕಮ್ಮಿ ಏಣಿ, ಗೋಡೆಯಲ್ಲಿ ಬಾಣಕ್ಕೆ ಬಂದೂಕಿಗೆ ಅಂತ ಕಿಂಡಿಗಳಿವೆ ಆದ್ರೆ ಹೊರಗಿನಿಂದ ಕಾಣಲ್ಲ, ಗಿಲಾವು ಹಚ್ಚಿ ಮುಚ್ಚಿದಾರೆ, ಬೇಕಾದಾಗ ಒಳಗಿಂದ ಒಡೆದುಕೊಳ್ಳಬೇಕು. ಆ ತ್ರಿಕೋನ ಮುಖಗಳ ಹಿಂದೆ ಕೆಲವರು ಅಡಗಿ ಕೂರೋಷ್ಟು ಸಣ್ಣ ಕೋಣೆಗಳೂ ಇವೆ. ಆ ಕಿಂಡಿಗಳನ್ನ ಒಡೆಯೋ ಸಂದರ್ಭ ಬರಲೇ ಇಲ್ಲ. ದೊರೆ ಇಲ್ಲಿ ವಾಸ ಮಾಡ್ಲೂ ಇಲ್ಲ, ಅವನ ಮನೆ, ಕಚೇರಿ ಎಲ್ಲಾ ಗುಡ್ಡದ ಬುಡದ ಅರಮನೆಯಲ್ಲಿ. ಗೋಪುರ ತಲೆತಲಾಂತರದ ದೊರೆಗಳ ಕವಚ ಇಡೋ ಉಗ್ರಾಣ ಆಯ್ತು.

ಈಗ ನೀರಿನ ವಿಷಯ. ಕೋಟೆ ಬಗ್ಗೆ ಬರೆಯೋರು ಎಲ್ಲಾ ಗೋಪುರದ ಬಗ್ಗೆ ನಾಲ್ಕು ಪುಟ ಬರೆದು ನೀರಿನ ಬಗ್ಗೆ "ಸರೋವರದ ನೋಟ ಚೆನ್ನಾಗಿದೆ" ಅಂತ ಮುಗಿಸ್ತಾರೆ, ಆದ್ರೆ ಈ ಕೋಟೆಯ ಡಿಸೈನ್‌ನಲ್ಲಿ ನೀರು ಅರ್ಧ ಭಾಗ. ಬಿವಾ ದಡದಲ್ಲಿ ಆಗ ದೊಡ್ಡ ಸರೋವರಕ್ಕೆ ಅಂಟಿಕೊಂಡ ಒಳಸರೋವರಗಳು ಬಹಳ ಇದ್ವು, ನಡುವೆ ಮರಳಿನ ದಿಬ್ಬ, ಆಚೆ ದೊಡ್ಡ ಅಲೆ, ಈಚೆ ಶಾಂತ ನೀರು. ಮಾತ್ಸುಬಾರಾ ಅನ್ನೋ ಅಂಥ ಒಳಸರೋವರ ಕೋಟೆ ಗುಡ್ಡದ ಉತ್ತರದ ಬುಡದ ತನಕ ಬರ್ತಿತ್ತು. ಆ ಕಡೆಯಿಂದ ಬರೋ ಶತ್ರುವಿಗೆ ದೋಣಿ ಇಲ್ಲದೆ ದಾರಿ ಇಲ್ಲ. ಉಳಿದ ಕಡೆ ಮೂರು ಸುತ್ತು ಕಂದಕ ತೋಡಿ ಅದೇ ನೀರು ಹರಿಸಿದ್ರು. ಊರು ಕಟ್ಟೋ ಜಾಗದಲ್ಲಿ ಸೇರಿ ಅನ್ನೋ ನದಿ ಅಡ್ಡ ಹರೀತಿತ್ತು, ಅದನ್ನೇ ಎತ್ತಿ ದಕ್ಷಿಣಕ್ಕೆ ತಿರುಗಿಸಿ ನೇರವಾಗಿ ಬಿವಾಕ್ಕೆ ಬಿಟ್ರು, ಹಳೇ ಪಾತ್ರದ ಜೌಗು ಜಾಗದಲ್ಲಿ ಪೇಟೆ ಎದ್ದಿತು, ಹೊಸ ಪಾತ್ರ ಪೇಟೆಯ ಹೊರಗಿನ ಇನ್ನೊಂದು ಕಂದಕದ ಹಾಗಾಯ್ತು. ಒಳ ಕಂದಕದ ಒಳಗೆ ಕೋಟೆ ಅರಮನೆ, ಅದರಾಚೆ ದೊಡ್ಡ ದೊಡ್ಡ ಅಧಿಕಾರಿಗಳ ಮನೆ, ಅದರಾಚೆ ಸಾಮಾನ್ಯ ಸಮುರಾಯಿಗಳು, ವ್ಯಾಪಾರಿಗಳು, ಕಸುಬಿನವರು. ಯಾರು ಎಲ್ಲಿ ಅನ್ನೋದನ್ನ ನೀರೇ ಗೆರೆ ಎಳೆದು ಹೇಳ್ತಿತ್ತು.

ಮಾತ್ಸುಬಾರಾ ಬಂದರಿನಿಂದ ಅಕ್ಕಿ ದೋಣಿಗಳು ಓತ್ಸುಗೆ, ಅಲ್ಲಿಂದ ಕ್ಯೋಟೋಗೆ. 1677ರಲ್ಲಿ ನಾಲ್ಕನೇ ದೊರೆ ನವೋಓಕಿ ಗುಡ್ಡದ ಬುಡದಲ್ಲಿ ಗೆಂಕ್ಯೂಎನ್ ಅನ್ನೋ ತೋಟ ಶುರು ಮಾಡಿಸ್ದ, ದೊಡ್ಡ ಕೊಳ, ನಡುಗಡ್ಡೆ, ಸೇತುವೆ, ಹಿಂದೆ ಮೇಲಕ್ಕೆ ನೋಡಿದ್ರೆ ಗೋಪುರ. ಆಮೇಲೆ 1810ರ ಸುಮಾರಿಗೆ ಹನ್ನೊಂದನೇ ದೊರೆ ನವೋನಾಕಾ ಮಾತ್ಸುಬಾರಾದಲ್ಲಿ ಸರೋವರದ ಅಂಚಿಗೇ ಒಂದು ವಿಹಾರದ ಮನೆ ಕಟ್ಟಿಸ್ದ. ಅದರ ಕೊಳಕ್ಕೂ ಬಿವಾಕ್ಕೂ ಒಳಗಿಂದ ಸಂಪರ್ಕ, ಸರೋವರದ ಮಟ್ಟ ಏರಿದ್ರೆ ಕೊಳದ ಅಂಚು ಹಿಂದೆ ಸರಿಯುತ್ತೆ, ಇಳಿದ್ರೆ ಮುಂದೆ ಬರುತ್ತೆ. ಎಡೋದಲ್ಲಿ ಸಮುದ್ರದ ಉಬ್ಬರ ಇಳಿತಕ್ಕೆ ಹೀಗೆ ತೋಟ ಮಾಡ್ತಿದ್ರು, ಸಿಹಿನೀರಿನಲ್ಲಿ ಈ ಆಟ ಆಡಿದ್ದು ಇಲ್ಲಿ. ಸರೋವರವನ್ನ ಬರೀ ನೋಡೋಕೆ ಅಲ್ಲ, ಅದರ ಉಸಿರಾಟಕ್ಕೆ ತಕ್ಕ ಹಾಗೆ ಕಟ್ತಿದ್ದ ಜನ ಅವರು.

ನಂತರದ ಇನ್ನೂರು ಚಿಲ್ಲರೆ ವರ್ಷವನ್ನ ಒಂದು ಸಾಲಲ್ಲಿ ಹೇಳಬಹುದು: ಇಯಿ ಮನೆತನ ಒಂದೇ ಒಂದು ಸಲವೂ ಬೇರೆ ಕಡೆಗೆ ವರ್ಗ ಆಗದೆ ಹದಿನಾಲ್ಕು ತಲೆಮಾರು ಹಿಕೋನೆಯಲ್ಲೇ ಆಳ್ತು, ಯುದ್ಧ ಬರ್ಲಿಲ್ಲ. ತೋಕುಗಾವಾ ಕಡೆಯ ಬೇರೆ ದೊರೆಗಳನ್ನ ಆಗಾಗ ಎತ್ತಂಗಡಿ ಮಾಡ್ತಿದ್ರು, ಇವರನ್ನ ಮುಟ್ಲಿಲ್ಲ. ಹದಿನಾಲ್ಕನೇ ಮಗನಾಗಿ ಹುಟ್ಟಿ, ಕಂದಕದ ಪಕ್ಕದ ಚಿಕ್ಕ ಮನೆಯಲ್ಲಿ ಹದಿನೈದು ವರ್ಷ ಮೂಲೆಗುಂಪಾಗಿದ್ದ ನವೋಸುಕೆ ಅನ್ನೋನು ಅಣ್ಣಂದಿರು ಹೋದ ಮೇಲೆ ದೊರೆಯಾಗಿ, 1858ರಲ್ಲಿ ಇಡೀ ಜಪಾನಿನ ಹಿರಿಯ ಮಂತ್ರಿಯಾಗಿ ಅಮೆರಿಕದ ಜೊತೆ ಒಪ್ಪಂದ ಮಾಡಿಸಿ, 1860ರಲ್ಲಿ ಎಡೋ ಕೋಟೆಯ ಬಾಗಿಲ ಹೊರಗೆ ಹಿಮದಲ್ಲಿ ಕೊಲೆಯಾದ. ಅದೇ ಒಂದು ದೊಡ್ಡ ಕಥೆ, ಇಲ್ಲಿ ಬೇಡ.

1868ರಲ್ಲಿ ತೋಕುಗಾವಾ ಆಳ್ವಿಕೆ ಹೋಗಿ ಬಂದ ಹೊಸ ಸರ್ಕಾರಕ್ಕೆ ಕೋಟೆಗಳು ಬೇಡವಾದ್ವು, 1873ರಲ್ಲಿ ನೂರಾರು ಕೋಟೆಗಳನ್ನ ಕೆಡವೋಕೆ ಮಾರೋಕೆ ಆದೇಶ ಆಯ್ತು. ಹಿಕೋನೆ ಸರದಿ 1878ಕ್ಕೆ ಬಂತು, ಕೆಡವೋ ಸಿದ್ಧತೆ ಎಲ್ಲಾ ನಡೆದಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಚಕ್ರವರ್ತಿ ಮೇಜಿ ಉತ್ತರದ ಪ್ರವಾಸ ಮುಗಿಸಿ ಈ ದಾರಿಯಲ್ಲಿ ವಾಪಸ್ ಬರ್ತಿದ್ರು, ಜೊತೆಗಿದ್ದ ಮಂತ್ರಿ ಓಕುಮಾ ಶಿಗೆನೋಬು ಕೋಟೆ ನೋಡಿ ಬೇಜಾರಾಗಿ "ಇದನ್ನ ಉಳಿಸಿ" ಅಂತ ಕೇಳಿಕೊಂಡ್ರು ಅಂತ ಕಥೆ. ಕೇಳಿಕೊಂಡಿದ್ದು ಚಕ್ರವರ್ತಿಯ ನೆಂಟರೊಬ್ಬರು ಅಂತ ಇನ್ನೊಂದು ಕಥೆ. ಯಾರ ಬಾಯಿಂದಾದ್ರೂ ಸರಿ, ಉಳಿಸೋ ಆಜ್ಞೆ ಬಂತು. ಅರಮನೆ ಮಾತ್ರ ಉಳೀಲಿಲ್ಲ. ಇವತ್ತು ಜಪಾನಿನಲ್ಲಿ ಅಸಲಿ ಕೋಟೆ ಗೋಪುರ ಅಂತ ಇರೋದು ಹನ್ನೆರಡೇ, ಅದರಲ್ಲಿ ರಾಷ್ಟ್ರೀಯ ನಿಧಿ ಐದು: ಹಿಮೆಜಿ, ಮಾತ್ಸುಮೋಟೋ, ಇನುಯಾಮಾ, ಹಿಕೋನೆ, ಮತ್ತೆ 2015ರಲ್ಲಿ ಸೇರಿದ ಮಾತ್ಸುಎ. ಆ ಮಾತ್ಸುಎ ಕೂಡ ಶಿಂಜಿ ಅನ್ನೋ ಸರೋವರದ ಪಕ್ಕದ ಕೋಟೆಯೇ.

ಕಟ್ಟಡ ಉಳೀತು, ನೀರು ಉಳೀಲಿಲ್ಲ. 1896ರ ಸೆಪ್ಟೆಂಬರಿನಲ್ಲಿ ಹಿಕೋನೆಯಲ್ಲಿ ಒಂದೇ ದಿನ 597 ಮಿಲಿಮೀಟರ್ ಮಳೆ ಬಿತ್ತು, ಬಿವಾ ಸರೋವರ ಮಾಮೂಲಿ ಮಟ್ಟಕ್ಕಿಂತ 3.76 ಮೀಟರ್ ಏರಿತು, ಊರಿನ ಬಹುಪಾಲು ನೀರಿನಡಿ. ಅದಾದ ಮೇಲೆ ಸರೋವರದ ನೀರು ಹೊರಗೆ ಹೋಗೋ ಒಂದೇ ಒಂದು ನದಿಯ ಪಾತ್ರ ಅಗಲ ಮಾಡಿ 1905ರಲ್ಲಿ ಗೇಟು ಹಾಕಿದ್ರು, ಸರೋವರದ ಮಟ್ಟ ಮನುಷ್ಯನ ಕೈಗೆ ಬಂತು, ಇಳೀತು. ತಪ್ಪು ಅನ್ನೋಕೆ ಆಗಲ್ಲ, ಮುಳುಗಿದ ಜನಕ್ಕೆ ಅದು ಬೇಕಿತ್ತು. ಆಮೇಲೆ ಎರಡನೇ ಮಹಾಯುದ್ಧ, ಅಕ್ಕಿಗೆ ಬರ, "ಒಳಸರೋವರ ಒಣಗಿಸಿ ಗದ್ದೆ ಮಾಡಿ" ಅನ್ನೋ ಯೋಜನೆ. 1944ರಲ್ಲಿ ಮಾತ್ಸುಬಾರಾ ಒಳಸರೋವರದ ಕೆಲಸ ಶುರುವಾಗಿ ಯುದ್ಧ ಮುಗಿದ ಕೆಲವೇ ವರ್ಷಕ್ಕೆ ಅದು ಪೂರ್ತಿ ಗದ್ದೆ. ಅದೇ 1944ರಲ್ಲಿ ಇಯಿ ಕುಟುಂಬ ಕೋಟೆಯನ್ನ ಹಿಕೋನೆ ನಗರಕ್ಕೆ ದಾನ ಕೊಟ್ಟಿದ್ದು. ಒಂದು ಕೈಲಿ ಕೋಟೆ ಸಾರ್ವಜನಿಕರದ್ದಾಯ್ತು, ಇನ್ನೊಂದು ಕೈಲಿ ಅದರ ಸರೋವರ ಹೋಯ್ತು. ಬಿವಾ ಸುತ್ತ 1940ರ ಹೊತ್ತಿಗೆ ಇದ್ದ ಒಳಸರೋವರಗಳ ವಿಸ್ತೀರ್ಣದಲ್ಲಿ ಈಗ ಏಳರಲ್ಲಿ ಒಂದು ಪಾಲು ಉಳಿದಿರಬಹುದು. ಅಜುಚಿ ಸುತ್ತಲೂ ಇದೇ ಕಥೆ, ಮೂರು ಕಡೆ ನೀರಿದ್ದ ನೊಬುನಾಗಾ ಗುಡ್ಡದ ಬುಡದಲ್ಲಿ ಈಗ ಗದ್ದೆ. ಹಿಕೋನೆಯ ಹೊರ ಕಂದಕವೂ ಹೆಚ್ಚುಕಮ್ಮಿ ಪೂರ್ತಿ ಮುಚ್ಚಿಹೋಗಿದೆ. ಇವತ್ತು ಗೋಪುರದ ಕಿಟಕಿಯಲ್ಲಿ ನಿಂತು ನೋಡಿದ್ರೆ ಬಿವಾ ದೂರದಲ್ಲಿ ಕಾಣುತ್ತೆ, ನಡುವೆ ಮನೆ, ರಸ್ತೆ, ಗದ್ದೆ. ಹೊಸದಾಗಿ ನೋಡೋರು ಇದನ್ನ ಸರೋವರದ ಕೋಟೆ ಅಂತ ಅಂದುಕೊಳ್ಳೋದೇ ಇಲ್ಲ.

1952ರಲ್ಲಿ ಗೋಪುರ ರಾಷ್ಟ್ರೀಯ ನಿಧಿ ಆಯ್ತು, 1956ರಲ್ಲಿ ಇಡೀ ಜಾಗ ವಿಶೇಷ ಐತಿಹಾಸಿಕ ತಾಣ. 1953ರಿಂದ 36 ವರ್ಷ ಊರಿನ ಮೇಯರ್ ಆಗಿದ್ದವರು ಯಾರು ಗೊತ್ತಾ, ಇಯಿ ನವೋಯೋಶಿ, ಅದೇ ದೊರೆ ಮನೆತನದವರು, ಓಟು ಹಾಕಿ ಆರಿಸಿದ್ದು ಜನ. ಅವರ ಕಾಲದಲ್ಲೇ 1987ರಲ್ಲಿ ಹಳೇ ಅರಮನೆಯ ಜಾಗದಲ್ಲಿ ಅದೇ ರೂಪದ ಮ್ಯೂಸಿಯಂ ಎದ್ದಿತು, ಮುಂದಿನ ಕಚೇರಿ ಭಾಗ ಕಾಂಕ್ರೀಟು, ಹಿಂದಿನ ವಾಸದ ಭಾಗ ಮರ. 2007ರಲ್ಲಿ ಕೋಟೆಯ 400ನೇ ವರ್ಷದ ಹಬ್ಬಕ್ಕೆ ಕೆಂಪು ಶಿರಸ್ತ್ರಾಣ ಹಾಕಿದ ಬಿಳಿ ಬೆಕ್ಕು ಹಿಕೋನ್ಯಾನ್ ಬಂತು, ದೇಶಕ್ಕೆ ದೇಶವೇ ಅದಕ್ಕೆ ಮರುಳಾಯ್ತು. ಹಲವರಿಗೆ ಹಿಕೋನೆ ಅಂದ್ರೆ ಬೆಕ್ಕು, ಅದರ ಹಿಂದೆ ಒಂದು ಕೋಟೆ.

ಇಷ್ಟು ಹೇಳಿದ ಮೇಲೆ ಯುನೆಸ್ಕೋ ಕ್ಯೂಗೆ ಬರೋಣ. ತೊಂದರೆ ಒಂದೇ ವಾಕ್ಯದ್ದು: ಹಿಮೆಜಿ ಈಗಾಗಲೇ ಒಳಗಿದೆ. ಮರದ ಕೋಟೆ ಗೋಪುರದ ಸೌಂದರ್ಯ ಅನ್ನೋ ಲೆಕ್ಕದಲ್ಲಿ ಹಿಮೆಜಿಗೆ ಕೊಟ್ಟಾಗಿದೆ, ಅದೇ ಕಾರಣಕ್ಕೆ ಅದಕ್ಕಿಂತ ಚಿಕ್ಕದಕ್ಕೆ ಇನ್ನೊಂದು ಸಲ ಕೊಡಲ್ಲ. 1994ರಿಂದ ಯುನೆಸ್ಕೋ ಬೇರೆ "ಯೂರೋಪಿನ ಚರ್ಚು, ಅರಮನೆ, ಕೋಟೆ ಜಾಸ್ತಿ ಆಯ್ತು, ಬೇರೆ ಥರದವು ತನ್ನಿ" ಅನ್ನೋ ದಾರಿ ಹಿಡೀತು, 2020ರಿಂದ ಒಂದು ದೇಶ ವರ್ಷಕ್ಕೆ ಒಂದೇ ಹೆಸರು ಕೊಡಬಹುದು ಅಂತ ನಿಯಮ ಬಂತು. ಜೊತೆಗಿದ್ದ ಕಾಮಾಕುರಾ 2013ರಲ್ಲಿ ತಜ್ಞ ಸಂಸ್ಥೆ ಇಕೊಮೊಸ್ "ಬೇಡ" ಅಂದ ಮೇಲೆ ಅರ್ಜಿ ವಾಪಸ್ ತಗೊಳ್ತು. ಅದನ್ನ ನೋಡಿದ ಮೇಲೆ ಯಾರಿಗೂ ಆತುರ ಮಾಡೋ ಧೈರ್ಯ ಬರ್ಲಿಲ್ಲ.

ಹಾಗಾಗಿ ಹಿಕೋನೆ ನಗರ ಮತ್ತು ಶಿಗಾ ಪ್ರಾಂತ್ಯ ಸೇರಿ ವಾದವನ್ನೇ ಬದಲಾಯಿಸಿದ್ರು. ಕಟ್ಟಡ ಅಲ್ಲ, ವ್ಯವಸ್ಥೆ ಅನ್ನೋ ವಾದ. ಎಡೋ ಕಾಲದಲ್ಲಿ, ಅಂದ್ರೆ ತೋಕುಗಾವಾ ಆಳ್ವಿಕೆಯಲ್ಲಿ, ಇನ್ನೂರೈವತ್ತು ವರ್ಷ ಜಪಾನ್ ಯುದ್ಧ ಇಲ್ಲದೆ ಇತ್ತಲ್ಲ, ಅದಕ್ಕೆ ಕಾರಣ ದೊರೆ ಮತ್ತು ಅವನ ಅಧಿಕಾರಿಗಳು ಹಳ್ಳಿಗಳಲ್ಲಿ ಚದುರಿ ಕೂರದೆ ಒಂದೇ ಕೋಟೆಯೊಳಗೆ ಒಟ್ಟಿಗೆ ಇದ್ದು ಆಳಿದ್ದು, ಅರಮನೆಯ ಶಿಷ್ಟಾಚಾರ, ತೋಟದ ಭೇಟಿ, ಕಂದಕದ ಗೆರೆ, ದೂರದಿಂದ ಕಾಣೋ ಗೋಪುರ ಎಲ್ಲಾ ಸೇರಿ ಆ ಆಡಳಿತದ ಯಂತ್ರ, ಅದು ಇಷ್ಟು ಪೂರ್ತಿಯಾಗಿ ಉಳಿದಿರೋದು ಹಿಕೋನೆಯಲ್ಲಿ. ಅಂದ್ರೆ 1616ರ ನಂತರದ ಆ ಎರಡನೇ ಅರ್ಧ. ವಾದ ಜಾಣತನದ್ದು, ಸುಳ್ಳೂ ಅಲ್ಲ. ಆದ್ರೆ ಈ ವಾದ ಗೆಲ್ಲಬೇಕಾದ್ರೆ ಗುಡ್ಡ ಹತ್ತೋ ಗೋಡೆ, ಬೀಳಿಸೋ ಸೇತುವೆ, ಕದ್ದು ಮುಚ್ಚಿದ ಕಿಂಡಿ ಇವೆಲ್ಲ ಸ್ವಲ್ಪ ಹಿಂದೆ ನಿಲ್ಲಬೇಕಾಗುತ್ತೆ. ಶಾಂತಿಯ ಸ್ಮಾರಕ ಅಂತ ಬರೆಸೋಕೆ ಹೊರಟ ಜಾಗ ಶುರುವಾಗಿದ್ದು ಓಸಾಕಾ ಮೇಲೆ ಕಣ್ಣಿಡೋಕೆ. ಸರೋವರದ ಪಾಡಂತೂ ಕೇಳೋದೇ ಬೇಡ, ಇಲ್ಲದ್ದನ್ನ ಅರ್ಜಿಯಲ್ಲಿ ತೋರಿಸೋದು ಹೇಗೆ.

2021ರಲ್ಲಿ ಯುನೆಸ್ಕೋ ಪೂರ್ವಭಾವಿ ಮೌಲ್ಯಮಾಪನ ಅನ್ನೋ ಹೊಸ ಹಂತ ತಂತು, ಪೂರ್ತಿ ಅರ್ಜಿ ಹಾಕೋಕೆ ಮುಂಚೆ ಇಕೊಮೊಸ್ ಹತ್ತಿರ ಅಭಿಪ್ರಾಯ ಕೇಳಬಹುದು. ಜಪಾನ್ ಇದಕ್ಕೆ ಮೊದಲು ಕಳ್ಸಿದ್ದೇ ಹಿಕೋನೆಯನ್ನ, 2023ರಲ್ಲಿ. 2024ರ ಅಕ್ಟೋಬರಿನಲ್ಲಿ ಉತ್ತರ ಬಂತು: ವಿಶ್ವಮಟ್ಟದ ಮೌಲ್ಯ ಇರೋ ಸಾಧ್ಯತೆ ಇದೆ, ಆದ್ರೆ ಇಡೀ ದೇಶದ ದೊರೆಗಳ ಆಡಳಿತ ವ್ಯವಸ್ಥೆಯನ್ನ ಒಂದೇ ಕೋಟೆ ಪೂರ್ತಿಯಾಗಿ ಪ್ರತಿನಿಧಿಸುತ್ತಾ ಅನ್ನೋದು ಪ್ರಶ್ನೆ, ಬೇರೆ ಕೋಟೆಗಳ ಜೊತೆ ಸೇರಿಸೋ ಬಗ್ಗೆಯೂ ಯೋಚಿಸಿ. ಸುದ್ದಿಯಲ್ಲಿ ಬರೋ "ಒಂದೇ ಸಾಲದಂತೆ" ಅನ್ನೋದು ಇದೇ. ಊರಲ್ಲಿ ಕೆಲವರು ಇದನ್ನ ಹಸಿರು ನಿಶಾನೆ ಅಂತ ಓದಿದ್ರು, ಕೆಲವರು ಕೆಂಪು ಅಂತ. ವಾಕ್ಯ ಎರಡಕ್ಕೂ ಅವಕಾಶ ಕೊಡೋ ಹಾಗೇ ಇದೆ.

ಹಲವು ತಾಣ ಸೇರಿಸಿ ಒಂದೇ ಅರ್ಜಿ ಹಾಕೋದು ಹೊಸದಲ್ಲ, ನಮ್ಮ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ 2023ರಲ್ಲಿ ಹೊಯ್ಸಳರ ಹೆಸರಲ್ಲಿ ಒಟ್ಟಿಗೆ ಒಳಗೆ ಹೋಗಿದ್ದು ಹಾಗೇ. ಮಾತ್ಸುಮೋಟೋ, ಇನುಯಾಮಾ, ಮಾತ್ಸುಎ ಊರುಗಳಿಗೂ ಬಹಳ ಕಾಲದಿಂದ ಆಸೆ ಇದೆ. ಆದ್ರೆ ಅವರ ವಾದ ಗೋಪುರಗಳದ್ದು, ಹಿಕೋನೆಯದ್ದು ಆಡಳಿತದ್ದು, ಎರಡನ್ನ ಹೊಲಿದ್ರೆ ಮತ್ತೆ ಹಿಮೆಜಿ ಪ್ರಶ್ನೆ ಎದುರು ಬಂದು ನಿಲ್ಲುತ್ತೆ. ಆಡಳಿತದ ವಾದಾನೇ ಇಟ್ಕೊಂಡು ಜೊತೆಗಾರರನ್ನ ಹುಡುಕಿದ್ರೆ ಗೋಪುರ ಇಲ್ಲದಿದ್ರೂ ಅರಮನೆ, ಕಂದಕ, ಪೇಟೆ ಉಳಿದಿರೋ ಊರುಗಳು ಬೇಕು, ಪ್ರತಿಯೊಂದಕ್ಕೂ ಸಂರಕ್ಷಣೆಯ ಕಾಗದ ಪತ್ರ, ಸುತ್ತ ಎತ್ತರದ ಕಟ್ಟಡ ಬಾರದ ಹಾಗೆ ನಿಯಮ, ಬೇರೆ ಬೇರೆ ಪ್ರಾಂತ್ಯಗಳ ಒಪ್ಪಿಗೆ ಎಲ್ಲಾ ಶುರುವಿಂದ. ಒಂಟಿಯಾಗೇ ಹೋಗ್ತೀವಿ ಅಂದ್ರೆ ಹಿಕೋನೆಯೊಂದೇ ಯಾಕೆ ಸಾಕು ಅಂತ ಹೊಸದಾಗಿ ಬರೀಬೇಕು. ಶಿಗಾದವರು ಇಟ್ಕೊಂಡ ಗುರಿಯ ವರ್ಷ ಈಗಾಗಲೇ ಹಲವು ಸಲ ಮುಂದಕ್ಕೆ ಹೋಗಿದೆ, 2027 ಅಂತಲೂ ಇತ್ತು. ಸದ್ಯಕ್ಕೆ ಮುಂದಿನ ಸಲ ಹಿಕೋನೆ ಹೆಸರು ಸುದ್ದಿಯಲ್ಲಿ ಬಂದಾಗ ನೋಡಬೇಕಾದ್ದು ತಾರೀಕನ್ನಲ್ಲ, ಆ ಅರ್ಜಿಯ ಮೇಲೆ ಎಷ್ಟು ಕೋಟೆಗಳ ಹೆಸರಿದೆ ಅನ್ನೋದನ್ನ.